ಹತ್ತನೇ ಕ್ಲಾಸ್ ಇಂಗ್ಲಿಷ್ (ದ್ವಿತೀಯ ಭಾಷೆ): ಪಾಠವೆಲ್ಲ ಫೋನಲ್ಲೇ, ಹಿಂದೆ ಬೀಳದಂತೆ ಓದಿಸೋದು ಹೇಗೆ?

ಹೊಸನಗರ ಅಮ್ಮ

ಮಗಳು ಈ ವರ್ಷ (2021–22) ಹತ್ತನೇ ಕ್ಲಾಸ್. ಸರ್ಕಾರಿ ಹೈಸ್ಕೂಲು, ಕನ್ನಡ ಮಾಧ್ಯಮ, ಇಂಗ್ಲಿಷ್ ದ್ವಿತೀಯ ಭಾಷೆ. ಜುಲೈ ಒಂದರಿಂದ ಸೇತುಬಂಧ (ಹಿಂದಿನ ತರಗತಿಯ ಪಾಠ ನೆನಪಿಸೋದು) ಅಂತ ಶುರುವಾಗಿದೆ, ಕೊರೊನಾದಿಂದ ಶಾಲೆ ಬಾಗಿಲು ಮಾತ್ರ ತೆಗೆದಿಲ್ಲ. ಚಂದನ ಟಿವಿಯಲ್ಲಿ ಸಂವೇದ ಅನ್ನೋ ಕ್ಲಾಸ್ ಬರುತ್ತೆ. ಸರ್ ವಾಟ್ಸಾಪ್ ಗ್ರೂಪಿಗೆ ಯೂಟ್ಯೂಬ್ ಲಿಂಕು, ನೋಟ್ಸ್ ಫೋಟೋ ಹಾಕ್ತಾರೆ. ವಾರಕ್ಕೊಂದು ಗೂಗಲ್ ಮೀಟ್ ಇರುತ್ತೆ.

ಸ್ಮಾರ್ಟ್‌ಫೋನ್ ಮನೆಗೆ ಒಂದೇ, ಅದು ಸಂಜೆ ಆರರ ತನಕ ಅವಳ ಅಪ್ಪನ ಜೊತೆ ಹೋಗಿರುತ್ತೆ. ಮನೇಲಿ ಉಳಿಯೋದು ಕೀಪ್ಯಾಡ್ ಫೋನು. ನೋಟ್ಸ್ ಎಲ್ಲ ದುಂಡಗೆ ಇಳಿಸಿಕೊಂಡಿದ್ದಾಳೆ, ಆದರೆ ತಾನೇ ಬರೆದಿದ್ದನ್ನ ಓದು ಅಂದ್ರೆ ತಡವರಿಸ್ತಾಳೆ. ನನಗೆ ಇಂಗ್ಲಿಷ್ ಕೂಡಿಸಿಕೊಂಡು ಓದೋಕೆ ಬರುತ್ತೆ, ಅಷ್ಟೇ. ದಿನಕ್ಕೆ ಒಂದು, ಒಂದೂಕಾಲು ಗಂಟೆ ಇಂಗ್ಲಿಷಿಗೆ ಕೊಡಬಹುದು. ಏನು ಮಾಡಿಸಲಿ? ಟ್ಯೂಷನ್‌ಗೆ ಹಾಕಿ ಅನ್ನೋದೊಂದು ಬಿಟ್ಟು ಹೇಳಿ, ಇಲ್ಲಿ ಆ ಅನುಕೂಲ ಇಲ್ಲ.

ಗದಗ ಮಾಸ್ತರ

ಅಕ್ಕಾರ, ಇದು ನಿಮ್ಮ ಮನೀ ಒಂದರ ಸಮಸ್ಯೆ ಅಲ್ರಿ. ಶಾಲ್ಯಾಗ 40 ನಿಮಿಷದ ಪಿರಿಯಡ್‌ನಾಗ ಏನೇನು ನಡೀತದ ನೋಡ್ರಿ. ಮಾಸ್ತರು ಓದ್ತಾರ, ಹುಡುಗರು ಹಿಂದಿಂದ ಹೇಳ್ತಾರ, ನಡುನಡುವ ಪ್ರಶ್ನೆ ಬೀಳ್ತಾವ, ಯಾರೋ ಒಬ್ರು ಎದ್ದು ನಿಂತು ತಪ್ಪೋ ಸರಿಯೋ ಉತ್ತರ ಕೊಡ್ತಾರ, ಕಡೀಕ ನೋಟ್ಸ್. ಫೋನ್ ಪಾಠದಾಗ ಉಳಿದದ್ದು ಮೊದಲಿಂದು ಮತ್ತ ಕಡೀದು ಅಷ್ಟ. ಬಾಯಿಗೆ ಕೆಲಸ ಇಲ್ಲ, ಸ್ವಂತ ವಾಕ್ಯ ಬರೆಯೂ ಕೆಲಸಾನೂ ಇಲ್ಲ. ನೀವು ಮನ್ಯಾಗ ತುಂಬಬೇಕಾದದ್ದು ಆ ನಡುವಿನ ಭಾಗ. ಇನ್ನೂ ಹತ್ತು ವಿಡಿಯೋ ತೋರಿಸಿದ್ರ ಅದು ತುಂಬಂಗಿಲ್ಲ.

ದಿನಕ್ಕ ಪುಸ್ತಕದ 12ರಿಂದ 15 ಸಾಲು ಸಾಕು. ಟಿವಿ ಕ್ಲಾಸು ಅರ್ಧ ತಾಸಿನಾಗ ಪುಟಗಟ್ಟಲೆ ಓಡ್ತದ, ಅದರ ಬೆನ್ನು ಹತ್ತಬ್ಯಾಡ್ರಿ. ಮೊದಲನೇ ಸಲ ಪುಸ್ತಕ ಮುಂದಿಟ್ಟು, ಸಾಲಿನ ಕೆಳಗ ಬೆರಳು ಇಟ್ಟು, ಸರ್ ಓದಿದ್ದರ ಆಡಿಯೋ ಬರೇ ಕೇಳೂದು. ಎರಡನೇ ಸಲ ಒಂದೊಂದು ವಾಕ್ಯಕ್ಕ ಆಡಿಯೋ ನಿಲ್ಲಿಸಿ ಹಂಗ ಹೇಳೂದು. ವಾಕ್ಯ ಉದ್ದ ಇದ್ರ ಕಾಮಾ ಬಂದಲ್ಲಿ ನಿಲ್ಲಿಸ್ರಿ. ಎಲ್ಲಿ ತಡವರಿಸಿದ್ಲೋ ಆ ಪದದ ಮ್ಯಾಲೆ ಪೆನ್ಸಿಲ್ಲಿಂದ ಒಂದು ಚುಕ್ಕಿ. ಮೂರನೇ ಸಲ ಆಡಿಯೋ ಬಂದ್ ಮಾಡಿ ಆಕಿ ಒಬ್ಬಾಕೀನ ಓದಬೇಕು, ಅದನ್ನ ಕೀಪ್ಯಾಡ್ ಫೋನಿನ ರೆಕಾರ್ಡರ್‌ನಾಗ ರೆಕಾರ್ಡ್ ಮಾಡ್ರಿ, ಆಮ್ಯಾಲೆ ಆಕಿನ ಕೇಳಲಿ. ಚುಕ್ಕಿ ಐದಕ್ಕಿಂತ ಹೆಚ್ಚು ಬಿದ್ದಿದ್ರ ನಾಳಿಗೂ ಅದೇ ಸಾಲು. ಕಡಿಮಿ ಇದ್ರ ಮುಂದ ಹೋಗ್ರಿ.

ಪದಗಳ ಪಟ್ಟಿ ಬಗ್ಗೆ ಒಂದು ಮಾತು. ಗೊತ್ತಿಲ್ಲದ ಪದ ಇಪ್ಪತ್ತು ಸಿಕ್ರೂ ಬರೆಯೂದು ಐದೇ ಐದು. ಉಳಿದದ್ದು ವಾಕ್ಯದ ಆಧಾರದ ಮ್ಯಾಲೆ ಊಹೆ ಮಾಡ್ಲಿ. ಪುಟಾನ ಮೂರು ಭಾಗ ಮಡಚಿ, ಮೊದಲನೇ ಭಾಗದಾಗ ಪಾಠದ ವಾಕ್ಯದ ತುಣುಕು (ಬರೇ ಪದ ಅಲ್ಲ), ಎರಡನೇದಾಗ ಆ ವಾಕ್ಯದಾಗ ಬರೂ ಅರ್ಥ, ಮೂರನೇದಾಗ ಸ್ವಂತದ್ದೊಂದು ಸಣ್ಣ ವಾಕ್ಯ. ಹುಡುಗರು ನಿಘಂಟಿನಾಗ ಕಂಡ ಮೊದಲನೇ ಅರ್ಥ ಬರಕೊಂಡು ಬಿಡ್ತಾರ. ‘ಫೇರ್’ ಅಂದ್ರ ಜಾತ್ರಿ ಅಂತ ಬರಕೊಂಡ ಹುಡುಗ, ನ್ಯಾಯದ ಮಾತು ಬಂದಲ್ಲೂ ಜಾತ್ರೀನ ತಂದು ಕೂಡಿಸ್ತಾನ.

ಕಡೀಕ, ಪುಸ್ತಕ ಮುಚ್ಚಿ, ಓದಿದ್ದರ ಬಗ್ಗೆ ನಾಕೈದು ವಾಕ್ಯ. ನೋಟ್ಸ್ ನೋಡಿ ಇಳಿಸಿದ್ದು ಈ ಲೆಕ್ಕಕ್ಕ ಬರಂಗಿಲ್ಲ. ಸಮಯ ಹಂಚೂದಾದ್ರ ಓದಿಗೆ 25 ನಿಮಿಷ, ಪದಕ್ಕ 10, ಬರವಣಿಗಿಗೆ 20, ವ್ಯಾಕರಣಕ್ಕ 15. ಒಟ್ಟು ಒಂದು ತಾಸು ಹತ್ತು ನಿಮಿಷ. ಐದು ನಿಮಿಷ ಉಳೀತಾವ, ಚಾ ಕುಡೀರಿ.

ಸಿಗ್ನಲ್ ಒಂದೇ ಕಡ್ಡಿ

ಮಾಸ್ತರು ಪಾಠದ ಕಡೆ ಹೇಳಿದ್ದಾರೆ, ನಾನು ಫೋನಿನ ಕಡೆ ಹೇಳ್ತೀನಿ.

ಸಂಜೆ ಫೋನ್ ಬಂದ ಕೂಡಲೇ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ ಒಳಗೆ ಹೋಗಿ ಮೀಡಿಯಾ ಆಟೋ ಡೌನ್‌ಲೋಡ್ ಆಫ್ ಮಾಡಿ. ಇಲ್ಲದಿದ್ದರೆ ಎಲ್ಲ ವಿಷಯದ ಫೋಟೋ, ಗುಡ್ ಮಾರ್ನಿಂಗ್ ಹೂವು, ಯಾರದೋ ಹೋಮ್‌ವರ್ಕು ಎಲ್ಲ ಇಳಿದು ಒಂದು ತಿಂಗಳಿಗೆ ಮೆಮೊರಿ ಫುಲ್. ಆಮೇಲೆ ಪರಿಚಯದವರು ಯಾರಾದರೂ ಒಬ್ಬರನ್ನ ಸೇರಿಸಿ ಒಂದು ಹೊಸ ಗ್ರೂಪ್ ಮಾಡಿ, ‘ಇಂಗ್ಲಿಷ್ 10’ ಅಂತ ಹೆಸರಿಡಿ, ಕೂಡಲೇ ಅವರನ್ನ ತೆಗೆದುಬಿಡಿ. ಒಬ್ಬರೇ ಇರೋ ಗ್ರೂಪ್ ಆಗುತ್ತೆ. ಶಾಲೆ ಗ್ರೂಪಿನಲ್ಲಿ ಸರ್ ಹಾಕಿದ ಇಂಗ್ಲಿಷ್ ನೋಟ್ಸ್, ಲಿಂಕು, ವಾಯ್ಸ್ ಮೆಸೇಜು ಮಾತ್ರ ಅಲ್ಲಿಗೆ ಫಾರ್ವರ್ಡ್ ಮಾಡಿಟ್ಟುಕೊಳ್ಳಿ. ಮೂರು ತಿಂಗಳ ಹಿಂದಿನ ಪಾಠ ಬೇಕಾದಾಗ ಮೇಲಕ್ಕೆ ಎಳೆದು ಎಳೆದು ಬೆರಳು ಸವೆಯೋದು ತಪ್ಪುತ್ತೆ.

ಡೇಟಾ: ಅರ್ಧ ಗಂಟೆಯ ಯೂಟ್ಯೂಬ್ ಪಾಠ 144ಪಿಯಲ್ಲಿ ಸುಮಾರು 40–50 ಎಂಬಿ, 360ಪಿಯಲ್ಲಿ ಸುಮಾರು 150 ಎಂಬಿ ತಿನ್ನುತ್ತೆ. ಗದ್ಯ ಓದೋ ಪಾಠಕ್ಕೆ 144 ಸಾಕು, ಪುಸ್ತಕ ಕೈಯಲ್ಲೇ ಇರುತ್ತಲ್ಲ. ವ್ಯಾಕರಣಕ್ಕೆ ಮಾತ್ರ 360 ಇಡಿ. 144ರಲ್ಲಿ ಬೋರ್ಡ್ ಮೇಲಿನ ‘ಎ’ಗೂ ‘ಓ’ಗೂ ವ್ಯತ್ಯಾಸ ಕಾಣಲ್ಲ, ಮಕ್ಕಳು ತಪ್ಪು ಸ್ಪೆಲ್ಲಿಂಗನ್ನೇ ನೋಟ್ಸ್‌ಗೆ ಇಳಿಸಿಕೊಳ್ತಾರೆ.

ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ. ದೀಕ್ಷಾ ಆ್ಯಪ್ ಹಾಕಿಕೊಂಡು ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ಸಿಗುತ್ತೆ, ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದಾಗಲೂ ತೆರೆಯುತ್ತೆ. ಪುಸ್ತಕವೇ ಇನ್ನೂ ಕೈಸೇರದಿದ್ದರೆ ಕಳೆದ ವರ್ಷ ಪಾಸಾದವರ ಹಳೇ ಪುಸ್ತಕ ಕೇಳಿ ತಗೊಳ್ಳಿ. ಫೋನಲ್ಲಿ ಪಿಡಿಎಫ್ ನೋಡಿಕೊಂಡು ಬೆರಳಿಟ್ಟು ಓದೋಕೆ ಹೋದರೆ ಪುಟವೇ ಜಾರಿ ಹೋಗುತ್ತೆ.

ಕೆಂಪು ಶಾಯಿ

ಮೌಲ್ಯಮಾಪನದ ಕಡೆಯಿಂದ ನೋಡಿದರೆ ಎಲ್ಲಿ ಅಂಕ ಹೋಗುತ್ತದೆ ಎನ್ನುವುದನ್ನು ಹೇಳುತ್ತೇನೆ. ದ್ವಿತೀಯ ಭಾಷೆಯ ಲಿಖಿತ ಪರೀಕ್ಷೆ 80 ಅಂಕಕ್ಕೆ, ಆಂತರಿಕ 20. ಈ ವರ್ಷದ (2021–22) ನಿಯಮದಂತೆ ಪಾಸಾಗಲು ಲಿಖಿತದಲ್ಲಿ 28 ಬರಲೇಬೇಕು. ಈವರೆಗಿನ ಮಾದರಿಯಲ್ಲಿ ಪತ್ರಕ್ಕೆ 5, ಪ್ರಬಂಧಕ್ಕೆ 4, ಓದಿ ಉತ್ತರಿಸುವ ಅಪರಿಚಿತ ಗದ್ಯಕ್ಕೆ 4, ಕಂಠಪಾಠದ ಪದ್ಯಕ್ಕೆ 4, ಜೊತೆಗೆ ಪ್ರೊಫೈಲ್ (ವ್ಯಕ್ತಿ ಪರಿಚಯ), ಸುಳಿವು ಕೊಟ್ಟ ಕಥೆ, ಚಿತ್ರವರ್ಣನೆ ತಲಾ 3. ಇವುಗಳಲ್ಲಿ ಪದ್ಯ ಬಿಟ್ಟರೆ ಯಾವುದಕ್ಕೂ ಪಾಠ ಮುಗಿದಿರಬೇಕು ಎಂದೇನಿಲ್ಲ. ಶಾಲೆ ತೆರೆಯುವವರೆಗೆ ಕಾಯದೆ ಇವತ್ತಿನಿಂದಲೇ ರೂಢಿ ಮಾಡಬಹುದಾದ ಭಾಗ ಇದು.

ಪತ್ರದಲ್ಲಿ ಹೆಚ್ಚಾಗಿ ಕಾಣುವ ತಪ್ಪುಗಳು: ದಿನಾಂಕ ಮರೆಯುವುದು, ಗೆಳತಿಗೆ ಬರೆಯುವ ಪತ್ರಕ್ಕೂ ‘ಸಬ್ಜೆಕ್ಟ್’ ಸಾಲು ಹಾಕುವುದು, ಅಪ್ಪನಿಗೆ ಬರೆದು ಕೊನೆಯಲ್ಲಿ ‘ಯುವರ್ಸ್ ಫೇಥ್‌ಫುಲಿ’ ಎನ್ನುವುದು. ಇನ್ನೊಂದಿದೆ. ಪ್ರಶ್ನೆಯಲ್ಲೇ ‘ನೀವು ಇಂಥವರು, ಇಂಥ ಶಾಲೆ’ ಎಂದು ಹೆಸರು ವಿಳಾಸ ಕೊಟ್ಟಿರುತ್ತಾರೆ, ಅದನ್ನೇ ಬರೆಯಬೇಕು. ತಮ್ಮ ನಿಜವಾದ ಹೆಸರು, ಊರು, ಶಾಲೆ ಬರೆಯಬಾರದು. ವಾರಕ್ಕೆ ಎರಡು ಪತ್ರ ಸಾಕು, ಒಂದು ವೈಯಕ್ತಿಕ, ಒಂದು ಅರ್ಜಿ. ಮೊದಲ ನಾಲ್ಕು ವಾರ ಒಡಲು ಮೂರೇ ವಾಕ್ಯ ಇದ್ದರೂ ಅಡ್ಡಿಯಿಲ್ಲ, ಚೌಕಟ್ಟು ಕಣ್ಣುಮುಚ್ಚಿ ಬರಬೇಕು. ಚೌಕಟ್ಟು ಕೈಗೆ ಕೂತ ಮೇಲೆ ಒಡಲನ್ನು ಆರೇಳು ವಾಕ್ಯಕ್ಕೆ ಬೆಳೆಸಿ.

ಪದ್ಯ: ಬಾಯಿಪಾಠ ಬರುತ್ತದೆ, ಬರೆಯುವಾಗ ಸಾಲು ಮುರಿಯುವ ಜಾಗ ತಪ್ಪುತ್ತದೆ. ಪ್ರತಿ ಸಾಲಿನ ಪ್ರತಿ ಪದದ ಮೊದಲ ಅಕ್ಷರ ಮಾತ್ರ ಒಂದು ಚೀಟಿಯಲ್ಲಿ ಸಾಲು ಸಾಲಾಗಿ ಬರೆದುಕೊಂಡು, ಅದನ್ನು ನೋಡಿ ಪೂರ್ತಿ ಪದ್ಯ ಬರೆಯಿಸಿ. ಎರಡು ದಿನ ಬಿಟ್ಟು ಚೀಟಿಯಿಲ್ಲದೆ. ಆಮೇಲೆ ಪುಸ್ತಕದ ಪಕ್ಕ ಇಟ್ಟು ಅವಳೇ ಅಕ್ಷರಕ್ಕೆ ಅಕ್ಷರ ಹೋಲಿಸಿ ಕೆಂಪು ಪೆನ್ನಲ್ಲಿ ತಿದ್ದಲಿ. ಇದಕ್ಕೆ ಇಂಗ್ಲಿಷ್ ಬಲ್ಲವರು ಪಕ್ಕದಲ್ಲಿ ಕೂರಬೇಕಾಗಿಲ್ಲ.

ಹೊಸನಗರ ಅಮ್ಮ

ಎಲ್ಲರಿಗೂ ಧನ್ಯವಾದ. ಎರಡು ಅನುಮಾನ.

ಒಂದು, ಈ ಸಲ ಜುಲೈ 19, 22ರಂದು ನಡೆದ ಹತ್ತನೇ ಕ್ಲಾಸ್ ಪರೀಕ್ಷೇಲಿ ಬರೇ ಟಿಕ್ ಮಾಡೋ ಪ್ರಶ್ನೆಗಳು ಬಂದವಂತೆ. ಮುಂದಿನ ವರ್ಷಾನೂ ಹಾಗೇ ಆದ್ರೆ ಪತ್ರ, ಪ್ರಬಂಧ ಎಲ್ಲ ಯಾಕೆ ಅಂತ ಮಗಳು ಕೇಳ್ತಾಳೆ. ಎರಡು, ಅವಳು ಇಂಗ್ಲಿಷ್ ಪದದ ಕೆಳಗೆಲ್ಲ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರ್ಕೊಂಡು ಓದ್ತಾಳೆ. ಬಿಡಿಸಬೇಕಾ?

ಕೆಂಪು ಶಾಯಿ

ಈ ಜುಲೈನಲ್ಲಿ ಆದದ್ದು ಎರಡು ದಿನದ ಪರೀಕ್ಷೆ. ಮೂರು ಭಾಷೆಗೆ ಒಂದು ದಿನ, ಗಣಿತ, ವಿಜ್ಞಾನ, ಸಮಾಜಕ್ಕೆ ಇನ್ನೊಂದು ದಿನ. ಪ್ರತಿ ವಿಷಯಕ್ಕೆ 40 ಬಹು ಆಯ್ಕೆಯ ಪ್ರಶ್ನೆ, ಒಎಂಆರ್ ಹಾಳೆಯಲ್ಲಿ ಗುರುತು. ಸೋಂಕಿನ ಕಾರಣಕ್ಕೆ ಮಾಡಿಕೊಂಡ ವ್ಯವಸ್ಥೆ ಅದು. ಹೊಸ ಸುತ್ತೋಲೆ ಬರುವವರೆಗೆ ಹಳೆಯ 80 ಅಂಕದ ಮಾದರಿಗೇ ತಯಾರಾಗಬೇಕು. ಬರೆಯಲು ಕಲಿತವಳಿಗೆ ಟಿಕ್ ಮಾಡುವುದು ಕಷ್ಟವಾಗುವುದಿಲ್ಲ. ಟಿಕ್ ಮಾತ್ರ ಕಲಿತವಳನ್ನು ಫೆಬ್ರವರಿಯಲ್ಲಿ ಪತ್ರ ಬರೆ ಎಂದು ಕೂರಿಸಿದರೆ ಕೈ ಏಳುವುದಿಲ್ಲ.

ಮೈಸೂರು ಟ್ಯೂಷನ್ ಅಕ್ಕ

ಕನ್ನಡದಲ್ಲಿ ಬರ್ಕೊಳ್ಳೋದನ್ನ ಒಂದೇ ಸಲ ಬಿಡಿಸಬೇಡಿ. ಶಾಲೇಲಿ ಇದ್ದಿದ್ರೆ ಪಕ್ಕದಲ್ಲಿ ಕೂತವಳನ್ನ ಕೇಳ್ತಿದ್ದಳು, ಈಗ ಅವಳಿಗೆ ಇರೋ ಆಸರೆ ಅದೊಂದೇ. ಅದನ್ನೂ ಕಿತ್ತುಕೊಂಡರೆ ಓದೋದನ್ನೇ ಬಿಡ್ತಾಳೆ. ಪ್ಯಾರಾಗೆ ನಾಲ್ಕು ಪದ ಬರ್ಕೊಳ್ಳಲಿ, ತೊಂದರೆ ಏನು?

ಗದಗ ಮಾಸ್ತರ

ತೊಂದರಿ ಐತ್ರಿ ಅಕ್ಕಾರ. ಕನ್ನಡ ಅಕ್ಷರ ಕಂಡ ಕೂಡಲೇ ಕಣ್ಣು ಅಲ್ಲಿಗೇ ಹೋಗ್ತದ, ಇಂಗ್ಲಿಷ್ ಸ್ಪೆಲ್ಲಿಂಗ್ ಮ್ಯಾಲೆ ಬೀಳಂಗೇ ಇಲ್ಲ. ತಿಂಗಳಗಟ್ಟಲೆ ಪಾಠ ಓದಿದ್ರೂ ಒಂದು ಸ್ಪೆಲ್ಲಿಂಗ್ ತಲೀಗೆ ಹೋಗಿರಂಗಿಲ್ಲ. ಇನ್ನೊಂದು, ನಮ್ಮ ನಾಲಿಗೀಗೆ ಪದದ ಕಡೀಕ ಸ್ವರ ಸೇರಿಸೂ ಚಟ. ‘ಬುಕ್’ ಹೋಗಿ ‘ಬುಕ್ಕು’, ‘ಫಿಲ್ಮ್’ ಹೋಗಿ ‘ಫಿಲಮ್ಮು’. ಹುಡುಗರು ಹಂಗ ಬರಕೋತಾರ. ಪರೀಕ್ಷ್ಯಾಗ ‘ಯಾವ ಪದದಾಗ ಒಂದೇ ಸಿಲಬಲ್ (ಉಚ್ಚಾರದ ತುಣುಕು) ಐತಿ’ ಅಂತ ಕೇಳಿದಾಗ ‘ಬುಕ್ಕು’ ಎಣಿಸಿ ಎರಡು ಅಂತ ಬರದು ಕುಂದರ್ತಾರ. ‘ವಾಚ್ಡ್’ ಅನ್ನೂದನ್ನ ‘ವಾಚೆಡ್’ ಅಂತಾರ, ಅಲ್ಲೂ ಒಂದು ಸಿಲಬಲ್ ಹೆಚ್ಚಾತು. ಕ್ರಿಯಾಪದದ ಕಡೇ ಸಪ್ಪಳ ‘ಟ್’ ಅಥವಾ ‘ಡ್’ ಇದ್ದಾಗ ಅಷ್ಟ ‘ಎಡ್’ ಬಿಡಿಸಿ ಕೇಳ್ತದ: ವಾಂಟೆಡ್, ನೀಡೆಡ್. ಉಳಿದ ಕಡೆ ಹೆಲ್ಪ್ಟ್, ಪ್ಲೇಡ್, ವಾಚ್ಡ್, ಒಂದೇ ಸಿಲಬಲ್.

ಎಣಿಸೂ ವಿಧಾನ: ಗದ್ದದ ಕೆಳಗ ಅಂಗೈ ಆನಿಸಿ ಪದ ಹೇಳ್ರಿ. ಗದ್ದ ಎಷ್ಟು ಸಲ ಕೆಳಗ ಬಂತೋ ಹೆಚ್ಚಾಗಿ ಅಷ್ಟ ಸಿಲಬಲ್. ಕಡೀಕ ‘ಉ’ ಸೇರಿಸಬಾರದು, ಅದೊಂದು ಎಚ್ಚರ.

ಮೈಸೂರು ಟ್ಯೂಷನ್ ಅಕ್ಕ

ಸಿಲಬಲ್ ವಿಷಯ ಒಪ್ಪಿದೆ ಸರ್. ಆದರೂ ಪೂರ್ತಿ ಬೇಡ ಅನ್ನೋದನ್ನ ಒಪ್ಪಲ್ಲ. ಹೀಗೆ ಮಾಡಿ: ಪೆನ್ನಲ್ಲಿ ಬೇಡ, ಪೆನ್ಸಿಲ್‌ನಲ್ಲಿ. ಪದದ ಕೆಳಗೆ ಬೇಡ, ಪುಟದ ಅಂಚಿನಲ್ಲಿ. ಓದೋವಾಗ ಕಣ್ಣು ಮೊದಲು ಇಂಗ್ಲಿಷ್ ಮೇಲೆ ಇರುತ್ತೆ, ಬೇಕಾದಾಗ ಮಾತ್ರ ಅಂಚಿಗೆ ಹೋಗುತ್ತೆ. ಭಾನುವಾರ ಆ ವಾರದ ಪದಗಳನ್ನ ಓದಿಸಿ, ಸಲೀಸಾಗಿ ಬಂದಿದ್ದನ್ನ ಅವಳ ಕೈಲೇ ರಬ್ಬರಿನಿಂದ ಅಳಿಸಿ. ಅಳಿಸೋದು ಮುಖ್ಯ, ಅದನ್ನ ಬಿಟ್ಟರೆ ಸರ್ ಹೇಳಿದ ತೊಂದರೆಯೇ ಆಗೋದು.

ಗದಗ ಮಾಸ್ತರ

ಅಂಚಿನ್ಯಾಗ, ಪೆನ್ಸಿಲ್ಲಿಂದ, ವಾರಕ್ಕೊಮ್ಮೆ ಅಳಿಸೂದು. ಹಂಗಾದ್ರ ನಂದೂ ತಕರಾರಿಲ್ರಿ.

ಉಡುಪಿ ಟೀಚರ್

ವ್ಯಾಕರಣದ 15 ನಿಮಿಷದಲ್ಲಿ ಏನು ಮಾಡಿಸುವುದು ಅಂತ ಯಾರೂ ಹೇಳಲಿಲ್ಲ ಮಾರಾಯ್ರೆ. ಹತ್ತನೆಯವರಿಗೆ ಪ್ರತಿ ವರ್ಷ ತಿರುಗಿ ತಿರುಗಿ ಬರುವುದು ಇಷ್ಟು: ಅಡಿಗೆರೆ ಎಳೆದ ಭಾಗಕ್ಕೆ ಪ್ರಶ್ನೆ ಮಾಡುವುದು, ಕ್ವೆಶ್ಚನ್ ಟ್ಯಾಗ್, ಪ್ಯಾಸಿವ್, ರಿಪೋರ್ಟೆಡ್ ಸ್ಪೀಚ್, ಡಿಗ್ರಿ (ಹೋಲಿಕೆಯ ರೂಪ), ಇಫ್ ಕ್ಲಾಜ್ (‘ಇಫ್’ ಇರುವ ಷರತ್ತಿನ ವಾಕ್ಯ), ಪ್ರಿಪೊಸಿಷನ್, ಕೊಲೊಕೇಶನ್ (ಜೊತೆಯಾಗಿಯೇ ಬರುವ ಪದಜೋಡಿ), ಸುಳಿವು ನೋಡಿ ಪ್ಯಾರಾದ ತಪ್ಪು ತಿದ್ದುವುದು. ಕೊಲೊಕೇಶನ್, ಪ್ರಿಪೊಸಿಷನ್‌ಗೆ ನಿಯಮ ಹುಡುಕಬೇಡಿ, ಪಾಠ ಓದುವಾಗ ಜೋಡಿಯಾಗಿಯೇ ಬರೆದಿಡುವುದು. ಡಿಗ್ರಿ, ಪ್ಯಾಸಿವ್ ವಿಡಿಯೋ ನೋಡಿಯೇ ಕಲಿಯಬಹುದು, ಅವು ಲೆಕ್ಕದ ಹಾಗೆ ಹಂತ ಹಂತವಾಗಿ ಬರುತ್ತವೆ. ಎಲ್ಲರೂ ಎಡವುವುದು ಮೊದಲನೆಯ ಎರಡರಲ್ಲಿ, ಅದಕ್ಕೇ ಅವನ್ನು ಬಿಡಿಸಿ ಹೇಳುತ್ತೇನೆ.

ಪ್ರಶ್ನೆ ಮಾಡುವುದು. ಕನ್ನಡದಲ್ಲಿ ಉತ್ತರ ಇದ್ದ ಜಾಗದಲ್ಲೇ ಪ್ರಶ್ನೆಪದ ಕೂರಿಸಿದರೆ ಆಯಿತು: ‘ರಾಜು ನಿನ್ನೆ ಹೋದ’, ‘ರಾಜು ಯಾವಾಗ ಹೋದ’. ಬೇರೇನೂ ಅಲುಗಾಡುವುದಿಲ್ಲ. ಇಂಗ್ಲಿಷಿನಲ್ಲಿ ಎರಡು ಕೆಲಸ ಆಗಬೇಕು. ಪ್ರಶ್ನೆಪದ ಮುಂದೆ ಬರಬೇಕು, ಸಹಾಯಕ ಕ್ರಿಯಾಪದ ಅದರ ಬೆನ್ನಿಗೇ ಬರಬೇಕು. ‘ರಾಜು ವೆಂಟ್ ಟು ಮೈಸೂರು ಯೆಸ್ಟರ್‌ಡೇ’ ಅಂತ ಇದೆ, ‘ಯೆಸ್ಟರ್‌ಡೇ’ಗೆ ಅಡಿಗೆರೆ. ಕಾಲ ಕೇಳುವುದು, ಆದ್ದರಿಂದ ‘ವೆನ್’. ವಾಕ್ಯದಲ್ಲಿ ಇಸ್, ವಾಸ್, ಹ್ಯಾಸ್, ವಿಲ್, ಕ್ಯಾನ್ ಯಾವುದಾದರೂ ಇದೆಯಾ? ಇಲ್ಲ. ಹಾಗಾದರೆ ‘ವೆಂಟ್’ ಅನ್ನು ಒಡೆಯಿರಿ: ಡಿಡ್ + ಗೋ. ಈಗ ಸಾಲಾಗಿ ಇಡಿ: ‘ವೆನ್ ಡಿಡ್ ರಾಜು ಗೋ ಟು ಮೈಸೂರು?’ ಹತ್ತರಲ್ಲಿ ಏಳು ಮಕ್ಕಳು ಬರೆಯುವುದು ‘ವೆನ್ ಡಿಡ್ ರಾಜು ವೆಂಟ್’. ಒಡೆದ ಮೇಲೆ ಹಳೆಯದನ್ನು ಪುನಃ ಇಟ್ಟುಬಿಡುತ್ತಾರೆ. ಹಾಗಾಗಿ ಒಡೆಯುವ ಹಂತವನ್ನು ಮನಸ್ಸಿನಲ್ಲೇ ಮಾಡದೆ ಪಕ್ಕದಲ್ಲಿ ಬರೆದೇ ತೋರಿಸಲಿ, ಒಂದು ತಿಂಗಳ ಮಟ್ಟಿಗೆ. ಮತ್ತೊಂದು, ಅಡಿಗೆರೆ ‘ರಾಜು’ವಿಗೇ ಬಿದ್ದರೆ ಏನೂ ಒಡೆಯಬಾರದು: ‘ಹೂ ವೆಂಟ್ ಟು ಮೈಸೂರು ಯೆಸ್ಟರ್‌ಡೇ?’ ಅಷ್ಟೇ.

ಟ್ಯಾಗ್. ನಮಗೆ ಎಲ್ಲದಕ್ಕೂ ಒಂದೇ ‘ಅಲ್ವಾ’. ಅದಕ್ಕೇ ಮಕ್ಕಳು ಎಲ್ಲದಕ್ಕೂ ‘ಇಸಂಟ್ ಇಟ್’ ಹಾಕುತ್ತಾರೆ. ಮೊದಲು ವಾಕ್ಯದ ಸಹಾಯಕ ಕ್ರಿಯಾಪದಕ್ಕೆ ವೃತ್ತ ಹಾಕಿಸಿ, ‘ನಾಟ್’ ಇದೆಯಾ ನೋಡಲಿ, ಇದ್ದರೆ ಟ್ಯಾಗಿನಲ್ಲಿ ಬೇಡ, ಇಲ್ಲದಿದ್ದರೆ ಬೇಕು. ಕೊನೆಗೆ ಹೆಸರಿನ ಬದಲು ಹಿ, ಶಿ, ದೇ. ‘ನೆವರ್’, ‘ಹಾರ್ಡ್ಲಿ’ ಇದ್ದರೆ ‘ನಾಟ್’ ಇದ್ದ ಲೆಕ್ಕವೇ, ಇದನ್ನು ಬೇಕೆಂದೇ ಕೇಳುತ್ತಾರೆ.

ದಿನಕ್ಕೆ ಒಂದೇ ವಿಷಯ, ಆರೇ ವಾಕ್ಯ. ನಾಲ್ಕು ಹೊಸದು, ಎರಡು ಹಿಂದಿನ ವಾರದ್ದು. ಹಳೆಯ ಪ್ರಶ್ನೆಪತ್ರಿಕೆಗಳಿಂದ ಎತ್ತಿದರೆ ಉತ್ತರವೂ ಜೊತೆಗೆ ಸಿಗುತ್ತದೆ.

ಭದ್ರಾವತಿ 577

ಒಂದು ಎಚ್ಚರಿಕೆ ಸೇರಿಸ್ತೀನಿ. ವಾಟ್ಸಾಪಲ್ಲಿ ‘ಪಾಸಿಂಗ್ ಪ್ಯಾಕೇಜ್’ ಅಂತ ಪಿಡಿಎಫ್‌ಗಳು ಓಡಾಡ್ತಾ ಇವೆ. ಪರೀಕ್ಷೆಗೆ ಎರಡು ತಿಂಗಳು ಇರುವಾಗ 28 ಮುಟ್ಟೋದೂ ಕಷ್ಟ ಅನ್ನೋ ಹುಡುಗರಿಗೆ ಅಂತ ಮೇಷ್ಟ್ರುಗಳು ಮಾಡೋದು ಅದು. ಆ ಕೆಲಸಕ್ಕೆ ಒಳ್ಳೇದೇ. ಜುಲೈನಲ್ಲೇ ಅದನ್ನ ಹಿಡಿದು ಕೂತರೆ ಮಕ್ಕಳು ಪಾಠ ತೆರೆಯೋದೇ ಇಲ್ಲ. ಇನ್ನೊಂದು, 2020–21ಕ್ಕೆ ಅಂತ ಶೇಕಡ 30 ಕಡಿತ ಮಾಡಿದ್ದ ಪಠ್ಯಕ್ಕೆ ತಯಾರಾದ ಪ್ಯಾಕೇಜುಗಳೇ ಈಗಲೂ ತಿರುಗ್ತಾ ಇವೆ. ಮೊದಲ ಪುಟದಲ್ಲಿ ವರ್ಷ ನೋಡಿ.

ಕೆಂಪು ಶಾಯಿ

ಸರಿಯಾದ ಮಾತು. ಗೈಡಿಗೂ ಇದೇ ಅನ್ವಯ. ಪ್ರಶ್ನೆಗೆ ತಾನು ಎರಡು ವಾಕ್ಯ ಬರೆದ ಮೇಲೆ ಗೈಡ್ ತೆರೆದು ಹೋಲಿಸಬಹುದು. ಮೊದಲೇ ತೆರೆದರೆ ಅದು ಬರೀ ನಕಲು.

ಗೂಗಲ್ ಟ್ರಾನ್ಸ್‌ಲೇಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಪದಕ್ಕೆ ಬಳಸಿ, ಪ್ಯಾರಾಕ್ಕೆ ಬೇಡ. ಕನ್ನಡದಲ್ಲಿ ಇಡೀ ಪ್ರಬಂಧ ಬರೆದು ಅದಕ್ಕೆ ಹಾಕಿ ತೆಗೆದ ಇಂಗ್ಲಿಷ್ ಎರಡು ಸಾಲಿನಲ್ಲೇ ಗೊತ್ತಾಗುತ್ತದೆ. ನಾವು ಮಾತಲ್ಲಿ ಕರ್ತೃಪದ ಬಿಟ್ಟುಬಿಡುತ್ತೇವಲ್ಲ, ‘ಬೆಳಿಗ್ಗೆ ಎದ್ದು ಹೋದೆ’ ಎಂಬಂತೆ, ಅಂಥ ಕಡೆ ‘ನಾನು’, ‘ಅವನು’, ‘ಅವಳು’ ಅದಲುಬದಲಾಗಿರುತ್ತದೆ.

ಸಿಗ್ನಲ್ ಒಂದೇ ಕಡ್ಡಿ

ಹೋಮ್‌ವರ್ಕ್ ಫೋಟೋ ಕಳಿಸೋದು ಹೇಗೆ ಅಂತಾನೂ ಹೇಳಬೇಕು. ಸರ್ ಕಡೆಯಿಂದ ಬರೇ ಥಂಬ್ಸ್ ಅಪ್ ಬರುತ್ತೆ, ತಿದ್ದಲ್ಲ ಅನ್ನೋದು ಎಲ್ಲರ ದೂರು. 40 ಮಕ್ಕಳು ಮೂರು ಮೂರು ಫೋಟೋ ಕಳಿಸಿದರೆ 120, ಅದರಲ್ಲಿ ಅರ್ಧ ಅಡ್ಡಡ್ಡ, ಕತ್ತಲು, ಬೆರಳಿನ ನೆರಳು. ಓದೋಕೇ ಆಗದ್ದನ್ನ ತಿದ್ದೋದು ಎಲ್ಲಿಂದ ಬಂತು?

ಪುಟದ ಮೇಲೆ ಹೆಸರು, ರೋಲ್ ನಂಬರ್, ದಿನಾಂಕ, ಪಾಠ. ಸಾಲು ಬಿಟ್ಟು ಸಾಲು ಬರೆಯಲಿ, ತಿದ್ದೋಕೆ ಜಾಗ ಬೇಕು. ನೀಲಿ ಅಥವಾ ಕಪ್ಪು ಪೆನ್ನು, ಪೆನ್ಸಿಲ್ ಬರಹ ಫೋಟೋದಲ್ಲಿ ಮಾಸಿಹೋಗುತ್ತೆ. ಸಂಜೆ ಬಲ್ಬಿನ ಕೆಳಗೆ ನಿಂತು ತೆಗೆದರೆ ನಿಮ್ಮ ತಲೆಯದೇ ನೆರಳು ಬೀಳುತ್ತೆ. ಬಲ್ಬು ಎದುರಿಗೆ ಬರೋ ಹಾಗೆ ಕೂತು ಫ್ಲಾಶ್ ಆಫ್ ಮಾಡಿ ತೆಗೀರಿ. ಒಂದು ಪುಟಕ್ಕೆ ಒಂದು ಫೋಟೋ, ಎರಡು ಪುಟ ಒಟ್ಟಿಗೆ ಬೇಡ. ವಾಟ್ಸಾಪ್ ಫೋಟೋನ ಕುಗ್ಗಿಸುತ್ತೆ. ಅಕ್ಷರ ಸಣ್ಣದಿದ್ದರೆ ಫೋಟೋ ಆಗಿ ಕಳಿಸದೆ ಪಿನ್ ಗುರುತು ಒತ್ತಿ ಡಾಕ್ಯುಮೆಂಟ್ ಆಗಿ ಕಳಿಸಿ, ಕುಗ್ಗಲ್ಲ. ಎರಡು ಮೂರು ಪುಟ ಇದ್ದರೆ ಒಂದೇ ಪಿಡಿಎಫ್ ಮಾಡಿ. ಕ್ಯಾಮ್‌ಸ್ಕ್ಯಾನರ್ ಕಳೆದ ವರ್ಷ ಜೂನ್‌ನಲ್ಲೇ ಬ್ಯಾನ್ ಆಯಿತು, ಬದಲಿಗೆ ಗೂಗಲ್ ಡ್ರೈವ್ ಒಳಗೇ ಸ್ಕ್ಯಾನ್ ಇದೆ, ಅಡೋಬಿ ಸ್ಕ್ಯಾನ್ ಕೂಡ ಉಚಿತ.

ಗದಗ ಮಾಸ್ತರ

ಅದಕ್ಕೊಂದು ಸೇರಿಸ್ರಿ. ‘ಸರ್ ನೋಡ್ರಿ’ ಅಂತ ಬರೇ ಫೋಟೋ ಒಗೀಬ್ಯಾಡ್ರಿ. ‘ಸರ್, ನಾಕನೇ ಸಾಲಿನಾಗ ವಾಸ್ ಬರ್ತದೋ ವರ್ ಬರ್ತದೋ?’ ಅಂತ ಒಂದೇ ಪ್ರಶ್ನೆ ಕೇಳಿದ್ರ ಒಂದು ನಿಮಿಷದಾಗ ಉತ್ತರ ಕೊಡಬಹುದು. ವಾರಕ್ಕೊಮ್ಮೆ ಓದಿದ್ದರ ವಾಯ್ಸ್ ಮೆಸೇಜ್ ಕಳಿಸ್ರಿ, 45 ಸೆಕೆಂಡ್ ಸಾಕು. ಐದು ನಿಮಿಷದ್ದು ಕಳಿಸಿದ್ರ ಯಾರೂ ಪೂರ್ತಿ ಕೇಳಂಗಿಲ್ಲ, ಖರೇ ಹೇಳಬೇಕಂದ್ರ.

ಗೂಗಲ್ ಮೀಟ್‌ನಾಗ ಹುಡುಗರು ಕ್ಯಾಮೆರಾ ಬಂದ್ ಮಾಡಿ ‘ಪ್ರೆಸೆಂಟ್ ಸರ್’ ಅಂದವರು ಕಡೀಕ ‘ಥ್ಯಾಂಕ್ಯೂ ಸರ್’ ಅನ್ನೂತನಕ ಎಲ್ಲಿ ಹೋಗಿರ್ತಾರೋ ದೇವರಿಗೇ ಗೊತ್ತು. ಆಕಿಗೆ ಹೇಳ್ರಿ, ಚಾಟ್ ಬಾಕ್ಸ್‌ನಾಗ ಪ್ರತಿ ಮೀಟ್‌ಗೂ ಒಂದು ಉತ್ತರ ಪೂರ್ತಿ ವಾಕ್ಯದಾಗ ಟೈಪ್ ಮಾಡ್ಬೇಕು. ನೆಟ್‌ವರ್ಕ್ ಕಡಿಮಿ ಇದ್ರೂ ಚಾಟ್ ಹೋಗ್ತದ.

ಮೈಸೂರು ಟ್ಯೂಷನ್ ಅಕ್ಕ

ಅಮ್ಮನಿಗೆ ಇಂಗ್ಲಿಷ್ ಹೆಚ್ಚು ಬರಲ್ಲ ಅನ್ನೋದು ಅಡ್ಡಿಯೇ ಅಲ್ಲ. ಅವಳ ಪದದ ಪುಸ್ತಕದಲ್ಲಿ ಮಧ್ಯದ ಭಾಗ ಕನ್ನಡ ಅಲ್ವಾ? ಆ ಅರ್ಥ ನೀವು ಓದಿ, ಅವಳು ಇಂಗ್ಲಿಷ್ ಪದ ಸ್ಪೆಲ್ಲಿಂಗ್ ಸಮೇತ ಬರೀಲಿ. ಅಕ್ಷರಕ್ಕೆ ಅಕ್ಷರ ಹೋಲಿಸೋಕೆ ನಿಮಗೆ ಬರುತ್ತೆ. ಹತ್ತು ಪದ ಕೊಡಿ, ಅದರಲ್ಲಿ ಐದು ಹೋದ ವಾರದ್ದಿರಲಿ. ಆಮೇಲೆ ಅಡುಗೆ ಮಾಡ್ತಾ ಪಾಠದ ಕಥೆ ಕನ್ನಡದಲ್ಲಿ ಹೇಳು ಅನ್ನಿ. ಎಲ್ಲಿ ಕಥೆ ಜಾರಿಸ್ತಾಳೋ ಆ ಪ್ಯಾರಾ ಅರ್ಥ ಆಗಿಲ್ಲ ಅಂತ. ಪುಸ್ತಕದಲ್ಲಿ ಅಲ್ಲೊಂದು ಗೆರೆ ಎಳೆದಿಡಿ, ಸರ್‌ಗೆ ಕೇಳೋ ಪ್ರಶ್ನೆ ಅದೇ.

ಹೊಸನಗರ ಅಮ್ಮ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಕೊನೇ ಪ್ರಶ್ನೆ: ಬೆಳಿಗ್ಗೆ ಸ್ಮಾರ್ಟ್‌ಫೋನ್ ಇರಲ್ಲ. ಸರ್ ಕಳಿಸಿದ ವಾಯ್ಸ್ ಮೆಸೇಜನ್ನ ಕೀಪ್ಯಾಡ್ ಫೋನಿನ ಮೆಮೊರಿ ಕಾರ್ಡಿಗೆ ಹಾಕಿದ್ವಿ. ಫೈಲ್ ಕಾಣುತ್ತೆ, ಆದರೆ ಹಾಡಲ್ಲ.

ಸಿಗ್ನಲ್ ಒಂದೇ ಕಡ್ಡಿ

ವಾಟ್ಸಾಪ್ ವಾಯ್ಸ್ ಮೆಸೇಜು ಓಪಸ್ ಅನ್ನೋ ಬಗೆಯ ಫೈಲು, ಹೆಚ್ಚಿನ ಕೀಪ್ಯಾಡ್ ಫೋನಿಗೆ ಅದು ತಿಳಿಯಲ್ಲ, ಎಂಪಿ3 ಆದ್ರೆ ಹಾಡುತ್ತೆ. ಎರಡು ದಾರಿ ಇದೆ. ಸರ್ ಹತ್ರ ಎಂಪಿ3ಯಾಗಿ ಉಳಿಸೋ ರೆಕಾರ್ಡರ್ ಆ್ಯಪಲ್ಲಿ ಓದಿ ಡಾಕ್ಯುಮೆಂಟ್ ಆಗಿ ಹಾಕೋಕೆ ಕೇಳಿ, ಇಡೀ ಕ್ಲಾಸಿಗೇ ಉಪಯೋಗ. ಅದು ಆಗಲ್ಲ ಅಂದ್ರೆ ರಾತ್ರಿ ಸ್ಮಾರ್ಟ್‌ಫೋನಲ್ಲಿ ಪಾಠ ಹಾಕಿ, ಒಂದು ಗೇಣು ದೂರದಲ್ಲಿ ಕೀಪ್ಯಾಡ್ ಫೋನಿಟ್ಟು ಅದರ ರೆಕಾರ್ಡರ್ ಒತ್ತಿ. ಆ ಫೋನೇ ಮಾಡಿದ ಫೈಲು ಆ ಫೋನಲ್ಲಿ ಖಂಡಿತ ಹಾಡುತ್ತೆ. ಫ್ಯಾನ್ ಆಫ್ ಮಾಡಿ, ಸ್ಮಾರ್ಟ್‌ಫೋನಿನ ವಾಲ್ಯೂಮ್ ಮುಕ್ಕಾಲು ಇಡಿ, ಪೂರ್ತಿ ಇಟ್ಟರೆ ಧ್ವನಿ ಒಡೆಯುತ್ತೆ. ಅರ್ಧ ಗಂಟೆ ಒಂದೇ ಉಸಿರಿಗೆ ಬೇಡ, ಮರುದಿನದ 15 ಸಾಲಿನಷ್ಟು ಮಾತ್ರ ರೆಕಾರ್ಡ್ ಮಾಡಿ, ಯಾಕಂದ್ರೆ ಆ ಫೋನುಗಳಲ್ಲಿ ಹಿಂದೆ ಮುಂದೆ ಎಳೆಯೋದು ಕಷ್ಟ. ಹೆಸರನ್ನ 01, 02, 03 ಅಂತ ಕೊಡಿ. ಬರೇ 1, 2 ಅಂತ ಕೊಟ್ಟರೆ ಪಟ್ಟಿಯಲ್ಲಿ 1 ಆದ ಮೇಲೆ 10 ಬಂದು ಕೂರುತ್ತೆ.